ಅಣ್ಣನ ಅಂಗಿ ತಮ್ಮನಿಗೆ

ಅಣ್ಣನಿಗೆ ಗಿಡ್ಡವಾದ ಅಂಗಿ ತಮ್ಮನ ಮೈಗೇರುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಕಾರುಗಳಲ್ಲೂ ಹೀಗೆ ನಡೆಯುತ್ತದೆ ಎಂದರೆ ಮಕ್ಕಳೇ, ನೀವು ನಗುತ್ತೀರಿ. ಇಂಗ್ಲೆಂಡಿನ ಹಳೆಯ ಪುಟ್ಟ ಕಾರುಗಳ ಕಥೆ ಕೇಳಿ.

1952ರಲ್ಲಿ ಆಸ್ಟಿನ್ ಕಂಪನಿಯೂ ಮಾರಿಸ್ ಕಾರು ಮಾಡುತ್ತಿದ್ದ ನಫೀಲ್ಡ್ ಕಂಪನಿಯೂ ಒಂದಾಗಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಹುಟ್ಟಿತು. ಅಲ್ಲಿಯವರೆಗೆ ಪೈಪೋಟಿ ನಡೆಸಿದವರು ಒಂದೇ ಉಗ್ರಾಣಕ್ಕೆ ಕೈಹಾಕತೊಡಗಿದರು. ಆಸ್ಟಿನ್ ಎ30 ಕಾರಿಗೆಂದು ಬಂದಿದ್ದ 803 ಸಿ.ಸಿ.ಯ ಎ-ಸೀರೀಸ್ ಎಂಜಿನ್ ಮಾರಿಸ್ ಮೈನರ್‌ಗೂ ಬಂತು. (ಈ ಮೈನರ್ ನಮ್ಮ ದೇಶದಲ್ಲಿ ‘ಬೇಬಿ ಹಿಂದುಸ್ತಾನ್’ ಎಂಬ ಹೆಸರಿನಲ್ಲಿ ಓಡಾಡಿತ್ತು. ಅಜ್ಜನನ್ನು ಕೇಳಿ ನೋಡಿ.)

1958ರಲ್ಲಿ ಆಸ್ಟಿನ್-ಹೀಲಿ ಸ್ಪ್ರೈಟ್ ಬಂತು. ಕಡಿಮೆ ಬೆಲೆಗೆ ಸ್ಪೋರ್ಟ್ಸ್ ಕಾರು ಕೊಡಬೇಕಿತ್ತು. ಎಲ್ಲವನ್ನೂ ಹೊಸದಾಗಿ ಮಾಡಿದರೆ ಗಿಟ್ಟುವುದಿಲ್ಲ. ಮುಂದಿನ ಸಸ್ಪೆನ್ಷನ್ ಆಸ್ಟಿನ್ ಎ35ರದು, ಸ್ಟೀರಿಂಗ್ ರ‍್ಯಾಕ್ ಮೈನರ್‌ನದು, ಎಂಜಿನ್ ಅದೇ ಎ-ಸೀರೀಸ್. ಮಡಚುವ ಹೆಡ್‌ಲೈಟ್ ದುಬಾರಿಯೆಂದು ಕೈಬಿಟ್ಟು, ದೀಪಗಳನ್ನು ಬಾನೆಟ್ಟಿನ ಮೇಲೆಯೇ ಕೂರಿಸಿದರು. ಜನ ಅದನ್ನು ‘ಕಪ್ಪೆಗಣ್ಣು’ ಎಂದು ಕರೆದರು! 1961ರಲ್ಲಿ ಅದರ ಜೋಡಿಯಾಗಿ ಎಂ.ಜಿ. ಮಿಜೆಟ್ ಬಂತು.

ಕಾರ್ಖಾನೆಯವರು ಮಾಡಿದ್ದನ್ನೇ ಹಳೇ ಕಾರು ಸಾಕುವವರೂ ಮಾಡುತ್ತಾರೆ. 948 ಸಿ.ಸಿ.ಯ ಮೈನರ್‌ಗೆ ಇದ್ದದ್ದು 37 ಅಶ್ವಶಕ್ತಿ. ಮಿಜೆಟ್‌ನ 1275 ಸಿ.ಸಿ. ಎಂಜಿನ್‌ಗೆ 65. ಚಿಕ್ಕಪುಟ್ಟ ಹೊಂದಾಣಿಕೆ ಮಾಡಿದರೆ ಅದು ಮೈನರ್‌ನ ಬಾನೆಟ್ಟಿನೊಳಗೆ ಕೂರುತ್ತದೆ. ಮಿನಿ ಕಾರಿನದೂ ಇದೇ ವಂಶದ ಎಂಜಿನ್ ಅಲ್ಲವೇ ಎಂದು ಅದನ್ನು ಕಿತ್ತು ತಂದರೆ ಮಾತ್ರ ಪೇಚಾಟ. ಮಿನಿಯಲ್ಲಿ ಎಂಜಿನ್ ಅಡ್ಡಲಾಗಿದೆ, ಗೇರ್‌ಬಾಕ್ಸ್ ಅದರ ಹೊಟ್ಟೆಯಡಿ ಇದೆ, ಎರಡಕ್ಕೂ ಒಂದೇ ಎಣ್ಣೆ. ನೆಂಟಸ್ತಿಕೆ ಇದೆ, ಅಳತೆ ಬೇರೆ.

ಬ್ಯಾಂಕಿನಲ್ಲಿ ಲೆಕ್ಕ ಬರೆದ ನನಗೆ ಇಲ್ಲಿ ಇನ್ನೊಂದು ಕಲಮು ಕಾಣುತ್ತದೆ. ಶಕ್ತಿಯ ಖಾತೆಗೆ ಜಮಾ ಆಯಿತು, ಸರಿ. ಬ್ರೇಕಿನ ಖಾತೆ? ಆ ಹಳೇ ಮೈನರ್‌ನ ಬ್ರೇಕ್ ಡ್ರಮ್ಮು ಬರೀ 7 ಇಂಚಿನದು. ಕಾರಿನ ವೇಗ ಎರಡರಷ್ಟಾದರೆ, ಬ್ರೇಕ್ ಒತ್ತಿದ ಮೇಲೆ ಅದು ಓಡುವ ದೂರ ಸುಮಾರು ನಾಲ್ಕರಷ್ಟಾಗುತ್ತದೆ. ಎಂಜಿನ್ ಮಾತ್ರ ಬದಲಿಸಿ ಇಳಿಜಾರಿಗೆ ಇಳಿಯುವವನ ಪಕ್ಕದಲ್ಲಿ ನಾನಂತೂ ಕೂರಲಾರೆ.

ಅದಕ್ಕೂ ನೆಂಟರ ಮನೆಯಲ್ಲೇ ಪರಿಹಾರ ಉಂಟು. ಮೈನರ್‌ನ ತಳಪಾಯದ ಮೇಲೆಯೇ ಕಟ್ಟಿದ ರೈಲಿ 1.5 ಕಾರಿನ ದೊಡ್ಡ ಡ್ರಮ್ಮುಗಳು ಇದಕ್ಕೆ ಹೊಂದುತ್ತವೆ. 1971ರಲ್ಲಿ ಬಂದ ಮಾರಿಸ್ ಮರೀನಾದ ಮುಂದಿನ ಸಸ್ಪೆನ್ಷನ್ನಿಗೂ ಮೈನರ್‌ನದೇ ಮೂಲ. ಹಾಗಾಗಿ ಅದರ ಡಿಸ್ಕ್ ಬ್ರೇಕನ್ನೂ ಅಳವಡಿಸುತ್ತಾರೆ. ಪಾಪ, ಈ ಮರೀನಾವನ್ನು ಕಾರುಪ್ರಿಯರು ಗೇಲಿ ಮಾಡಿದ್ದೇ ಹೆಚ್ಚು. ಗುಜರಿ ಸೇರಿದ ಮೇಲೂ ಅದರ ಬ್ರೇಕು ತನಗಿಂತ ಹಿರಿಯ ಮೈನರ್‌ಗಳನ್ನು ಇಂದಿಗೂ ನಿಲ್ಲಿಸುತ್ತಿದೆ.