ಹತ್ತು ಸಾವಿರದಲ್ಲಿ ಒಂದು ಕಣ

ತೀವ್ರ ಲ್ಯುಕೇಮಿಯಾ ಪತ್ತೆಯಾದ ದಿನ ರೋಗಿಯ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕಣಗಳಿರಬಹುದು. ತಿಂಗಳ ಕೀಮೊ ಮುಗಿದ ಮೇಲೆ ಅಸ್ಥಿಮಜ್ಜೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬ್ಲಾಸ್ಟ್ ಎಂಬ ಎಳೆಯ ಕಣಗಳು ಶೇ 5ಕ್ಕಿಂತ ಕಡಿಮೆಯಿದ್ದು, ರಕ್ತದ ಎಣಿಕೆಯೂ ಚೇತರಿಸಿದ್ದರೆ ಡಾಕ್ಟರು ‘ರೆಮಿಷನ್’ ಎನ್ನುತ್ತಾರೆ. ಮನೆಯವರು ಜೀವ ಹಿಡಿದು ಕಾದಿದ್ದು ಆ ಮಾತಿಗೇ. ಆದರೆ ಆಗಲೂ ಸಾವಿರ ಕೋಟಿಯಷ್ಟು ಕಣಗಳು ಉಳಿದಿರಲು ಸಾಧ್ಯ.

ಈ ಉಳಿಕೆಯನ್ನು ಅಳೆಯುವುದೇ ಎಂಆರ್‌ಡಿ (ಮೆಷರಬಲ್ ರೆಸಿಡ್ಯುಯಲ್ ಡಿಸೀಸ್) ಪರೀಕ್ಷೆ.

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ದಾಟಿ ಹೊಸೂರು ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದಲ್ಲಿ ನಾರಾಯಣ ಹೆಲ್ತ್ ಸಿಟಿ ಇದೆ. ಅಲ್ಲಿ 2009ರಲ್ಲಿ ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರ ಆರಂಭವಾಯಿತು. ಅಸ್ಥಿಮಜ್ಜೆ ಕಸಿ ನಡೆಯುವ ಇಂಥ ಕಡೆ ಎಂಆರ್‌ಡಿ ದಿನನಿತ್ಯದ ಮಾತು. ಹೆಚ್ಚು ಬಳಕೆಯಲ್ಲಿರುವ ವಿಧಾನ ಫ್ಲೋ ಸೈಟೊಮೆಟ್ರಿ: ಕಣಗಳ ಮೈಮೇಲಿನ ಗುರುತುಗಳಿಗೆ ಹೊಳೆಯುವ ಬಣ್ಣ ಅಂಟಿಸಿ, ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಎಣಿಸುವುದು. ಲಕ್ಷಗಟ್ಟಲೆ ಕಣ ಎಣಿಸಿದರೆ ಹತ್ತು ಸಾವಿರದಲ್ಲಿ ಅಡಗಿದ ಒಂದು ಕೆಟ್ಟ ಕಣವೂ ಸಿಕ್ಕಿಬೀಳುತ್ತದೆ. ಪಿಸಿಆರ್ ಮತ್ತು ಜೀನ್ ಸೀಕ್ವೆನ್ಸಿಂಗ್‌ಗಳು ಇನ್ನೂ ಆಳಕ್ಕೆ ಹೋಗಬಲ್ಲವು.

ಯಂತ್ರ ಎಷ್ಟೇ ದುಬಾರಿಯಾಗಿರಲಿ, ಫಲಿತಾಂಶದ ಹಣೆಬರಹ ಬಹುಪಾಲು ತೀರ್ಮಾನವಾಗುವುದು ರೋಗಿಯ ಹಾಸಿಗೆಯ ಪಕ್ಕದಲ್ಲೇ. ಸೂಜಿಯಿಂದ ಮೊದಲು ಎಳೆದ ಒಂದೆರಡು ಮಿಲಿಲೀಟರ್ ಮಜ್ಜೆ ಈ ಪರೀಕ್ಷೆಗೇ ಮೀಸಲಾಗಬೇಕು. ಮತ್ತೆ ಮತ್ತೆ ಎಳೆದಂತೆ ಅದರಲ್ಲಿ ರಕ್ತ ಬೆರೆಯುತ್ತದೆ, ಉಳಿದಿರುವ ರೋಗ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಫ್ಲೋ ಪರೀಕ್ಷೆಗೆ ಬದುಕಿರುವ ಕಣಗಳೇ ಬೇಕಾದ್ದರಿಂದ ಮಾದರಿ ಒಂದೆರಡು ದಿನದೊಳಗೆ ಲ್ಯಾಬ್ ಸೇರಬೇಕು. ಇಷ್ಟಾದರೂ ಇನ್ನೊಂದು ತೊಡಕಿದೆ. ಕೀಮೊ ನಂತರ ಮಜ್ಜೆ ಚೇತರಿಸಿಕೊಳ್ಳುವಾಗ ಹುಟ್ಟುವ ಆರೋಗ್ಯವಂತ ಎಳೆಯ ಬಿ ಕಣಗಳು ಲ್ಯುಕೇಮಿಯಾ ಕಣಗಳನ್ನೇ ಹೋಲುತ್ತವೆ. ಅವೆರಡನ್ನು ಬೇರ್ಪಡಿಸುವುದು ಅನುಭವಿ ಪೆಥಾಲಜಿಸ್ಟರ ಕಣ್ಣು. ಆ ಪರಿಣತಿಗೆ ಸಿಗಬೇಕಾದ ಮನ್ನಣೆ ನಮ್ಮಲ್ಲಿ ಇನ್ನೂ ಸಿಕ್ಕಿಲ್ಲ.

ಎಂಆರ್‌ಡಿ ಎಂದರೆ ಕೆಟ್ಟ ಸುದ್ದಿಯೇ ಎಂದು ಹೆದರಬೇಕಿಲ್ಲ. ಬ್ರಿಟನ್ನಿನ ಯುಕೆಎಎಲ್‌ಎಲ್ 2003 ಅಧ್ಯಯನದಲ್ಲಿ ಉಳಿಕೆ ಕಾಣದ ಮಕ್ಕಳಿಗೆ ಕೀಮೊ ತುಸು ತಗ್ಗಿಸಿದರೂ ರೋಗ ಮರುಕಳಿಸುವುದು ಹೆಚ್ಚಲಿಲ್ಲ. ಎಳೆಯ ದೇಹಕ್ಕೆ ಬೇಡದ ವಿಷ ತಪ್ಪಿಸುವುದು ಸಣ್ಣ ಲಾಭವಲ್ಲ. ಉಳಿಕೆ ಕಂಡವರಿಗೆ ಚಿಕಿತ್ಸೆ ತೀವ್ರಗೊಳಿಸಬಹುದು, ಕಸಿಯ ಯೋಚನೆ ಮಾಡಬಹುದು. ರೆಮಿಷನ್‌ನಲ್ಲಿದ್ದೂ ಎಂಆರ್‌ಡಿ ಉಳಿದ ಬಿ-ಕಣದ ಎಎಲ್‌ಎಲ್ ಎಂಬ ತೀವ್ರ ಲ್ಯುಕೇಮಿಯಾಕ್ಕೆಂದೇ 2018ರಲ್ಲಿ ಅಮೆರಿಕದ ಎಫ್‌ಡಿಎ ಬ್ಲಿನಾಟುಮೊಮ್ಯಾಬ್ ಔಷಧಕ್ಕೆ ಒಪ್ಪಿಗೆ ಕೊಟ್ಟಿತು.

ಬೊಮ್ಮಸಂದ್ರದ ಅದೇ ಆವರಣದಲ್ಲಿ ಕಿರಣ್ ಮಜುಂದಾರ್ ಶಾ, ವೈದ್ಯ-ಲೇಖಕ ಸಿದ್ಧಾರ್ಥ ಮುಖರ್ಜಿ ಮತ್ತಿತರರು ಸ್ಥಾಪಿಸಿದ ಇಮ್ಯುನೀಲ್ ಸಂಸ್ಥೆ ಕಾರ್-ಟಿ ಕಣಗಳನ್ನು ತಯಾರಿಸುತ್ತದೆ. ರೋಗಿಯದೇ ಟಿ ಕಣಗಳನ್ನು ಕ್ಯಾನ್ಸರ್ ಗುರುತಿಸುವಂತೆ ಮಾರ್ಪಡಿಸಿ ಮರಳಿ ಕೊಡುವ ಚಿಕಿತ್ಸೆ ಇದು. ಮೂಲತಃ ಬಾರ್ಸಿಲೋನಾದ ಆಸ್ಪತ್ರೆಯೊಂದರಲ್ಲಿ ರೂಪುಗೊಂಡ ಈ ಚಿಕಿತ್ಸೆ 2025ರ ಜನವರಿಯಲ್ಲಿ ಇಲ್ಲಿ ಒಂದು ಬಗೆಯ ಲಿಂಫೋಮಾಕ್ಕೆ ಬಳಕೆಗೆ ಬಂತು. ಎಎಲ್‌ಎಲ್‌ನಲ್ಲಿ ಕಾರ್-ಟಿ ಕೊಟ್ಟ ಮೇಲೂ ಅದು ಫಲಿಸಿತೇ ಎಂಬುದಕ್ಕೆ ಉತ್ತರ ಸಿಗುವುದು ಎಂಆರ್‌ಡಿಯಿಂದಲೇ.

ಪರೀಕ್ಷೆಗೂ ಮಿತಿಯಿದೆ. ಮಜ್ಜೆ ಶುದ್ಧವಿದ್ದರೂ ಮೆದುಳಿನ ಸುತ್ತಲಿನ ದ್ರವದಲ್ಲೋ ವೃಷಣದಲ್ಲೋ ಕಣಗಳು ಅಡಗಿರಬಹುದು. ಇನ್ನೊಂದು ತೀವ್ರ ಲ್ಯುಕೇಮಿಯಾ ಆದ ಎಎಂಎಲ್‌ನಲ್ಲಿ ರೋಗದ ಗುರುತುಗಳೇ ನಡುವೆ ಬದಲಾಗುವುದುಂಟು.

ಕಲಬುರಗಿ, ರಾಯಚೂರಿನ ಕಡೆಯಿಂದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಬೊಮ್ಮಸಂದ್ರಕ್ಕೋ ಬರುವ ಕುಟುಂಬಗಳು ಒಂದು ಕಾಗದವನ್ನು ಮರೆಯದೆ ತರಬೇಕು: ರೋಗ ಪತ್ತೆಯಾದಾಗಿನ ಮೊದಲ ಫ್ಲೋ ರಿಪೋರ್ಟ್. ಆ ದಿನದ ಕ್ಯಾನ್ಸರ್ ಕಣಗಳ ಚಹರೆ ದಾಖಲಾಗಿರುವುದು ಅದರಲ್ಲಿ. ತಿಂಗಳುಗಳ ನಂತರ ಇನ್ನೊಂದು ಲ್ಯಾಬಿನವರು ಉಳಿಕೆ ಹುಡುಕುವಾಗ ಮೊದಲು ಕೇಳುವುದೂ ಅದನ್ನೇ.