2.4 ಓಮ್‌ಗೆ ಹದಿನಾಲ್ಕು ಸಾವಿರ

ನಮ್ಮ ಮಾಮೂ ಅವರ ಗ್ಯಾರೇಜ್ ಚಿಕ್ಕಲಸಂದ್ರದಲ್ಲೇ ಇದೆ, ಕಾಲೇಜಿನಿಂದ ನಡೆದು ಹೋಗಬಹುದು. ಭಾನುವಾರ ಅಲ್ಲಿ ಲೆಕ್ಕದ ಪುಸ್ತಕ ಬರೆಯುವುದು ನನ್ನ ಕೆಲಸ. ಕಳೆದ ರಜೆಯಲ್ಲಿ ಖರ್ಚಿನ ಕಡೆ ಹೀಗೊಂದು ಸಾಲು ಬರೆಯಬೇಕಾಯಿತು: ಎಂಜಿನ್ ಕಂಟ್ರೋಲರ್, ಸುಟ್ಟದ್ದು, 14,000 ರೂಪಾಯಿ. ಅದರಲ್ಲಿ ಅರ್ಧ ತಪ್ಪು ನನ್ನದು. ಯಾಕೆ ಸುಟ್ಟಿತು ಎಂದು ತಿಳಿಯಲು ಎರಡು ವಾರ ಹಿಡಿಯಿತು. ಕಾಮರ್ಸ್ ಓದುವ ನನಗೇ ಅರ್ಥವಾಗಿದೆ ಎಂದಮೇಲೆ ಎಲ್ಲರಿಗೂ ಅರ್ಥವಾಗುತ್ತದೆ ಎಂದುಕೊಂಡು ಬರೆಯುತ್ತಿದ್ದೇನೆ.

ಕಾರು ಹಳೆಯ ಮಾರುತಿ ಎಸ್ಟೀಮ್, ಕಾರ್ಬೊರೇಟರ್ ಮಾದರಿ. ಗಿರಾಕಿ ಅದನ್ನು ಶ್ರೀಪೆರಂಬದೂರಿನ ರೇಸ್ ಟ್ರ್ಯಾಕ್‌ಗೆ ಮಾತ್ರ ಒಯ್ಯುತ್ತಾರೆ. (ರಸ್ತೆಯ ಗಾಡಿಗೆ ಇಂಥ ಬದಲಾವಣೆ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದಕ್ಕೆ ಅಡ್ಡ ಬರುತ್ತದೆ.) ಕಾರ್ಬೊರೇಟರ್ ತೆಗೆದು ಇಂಜೆಕ್ಷನ್ ಹಾಕಬೇಕು, ಮುಂದೆ ಟರ್ಬೊ ಹಾಕಿಸುವ ಆಸೆಯೂ ಇದೆ, ಆದ್ದರಿಂದ ದೊಡ್ಡ ಇಂಜೆಕ್ಟರ್ ಬೇಕು ಎಂದರು. ಹಳೆಯ ಜಪಾನಿ ಟರ್ಬೊ ಎಂಜಿನ್‌ನಿಂದ ಬಿಚ್ಚಿದ ನಾಲ್ಕು ಇಂಜೆಕ್ಟರ್‌ಗಳನ್ನು ಜೆ.ಸಿ. ರಸ್ತೆಯಲ್ಲಿ ಹುಡುಕಿ ತಂದದ್ದು ನಾನು. ಎಷ್ಟು ಪೆಟ್ರೋಲ್ ಬಿಡುತ್ತವೆ ಎಂದು ಕೇಳಿದೆ, ಬೆಲೆ ಚೌಕಾಸಿ ಮಾಡಿದೆ. ಓಮ್ ಎಷ್ಟು ಎಂದು ಕೇಳಲಿಲ್ಲ. ಬ್ಯಾಗಿನಲ್ಲಿ 350 ರೂಪಾಯಿಯ ಮಲ್ಟಿಮೀಟರ್ ಇತ್ತು.

ಮಾಮೂ ಕೂಡ ಅಳೆಯಲಿಲ್ಲ. ಅವರು ಕೆಲಸ ಕಲಿತದ್ದು ಡೀಸೆಲ್ ಪಂಪ್ ರಿಪೇರಿಯಲ್ಲಿ. ದಕ್ಷಿಣ ಬೆಂಗಳೂರಿಗೆ ಆ ವಿದ್ಯೆ ಹೊಸದಲ್ಲ. 1951ರಲ್ಲಿ ಶುರುವಾದ ಮೈಕೋ ಕಂಪನಿ ಆಡುಗೋಡಿಯಲ್ಲಿ ಡೀಸೆಲ್ ಇಂಜೆಕ್ಷನ್ ಪಂಪ್ ತಯಾರಿಸುತ್ತಿತ್ತು, 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಆದರೆ ಆ ಕಾಲದ ಡೀಸೆಲ್ ಇಂಜೆಕ್ಟರ್ ತೆರೆಯುವುದು ಪಂಪಿನ ಒತ್ತಡದಿಂದ, ಅದಕ್ಕೆ ವೈರೇ ಇಲ್ಲ. ಪೆಟ್ರೋಲ್ ಇಂಜೆಕ್ಟರ್ ಹಾಗಲ್ಲ. ಅದು ಕರೆಂಟ್‌ನಿಂದ ತೆರೆಯುವ ನಲ್ಲಿ. ಒಳಗೆ ತಾಮ್ರದ ಸುರುಳಿ ಇದೆ, ಕರೆಂಟ್ ಹರಿದರೆ ಅದು ಅಯಸ್ಕಾಂತವಾಗಿ ಸೂಜಿಯನ್ನು ಎಳೆಯುತ್ತದೆ, ಪೆಟ್ರೋಲ್ ಚಿಮ್ಮುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲೆ ತಯಾರಾದ ಬಹುತೇಕ ಪೆಟ್ರೋಲ್ ಸ್ಕೂಟರ್, ಬೈಕ್‌ಗಳಲ್ಲೂ ಇದೇ ಇರುತ್ತದೆ. ನಮ್ಮ ಕಾಲೇಜಿನ ಪಾರ್ಕಿಂಗ್‌ನಲ್ಲೇ ನೋಡಬಹುದು.

ಈಗ ಹತ್ತನೇ ತರಗತಿಯ ಓಮ್ ನಿಯಮ. ಸಾಮಾನ್ಯ ಇಂಜೆಕ್ಟರ್‌ನ ಸುರುಳಿ 12ರಿಂದ 16 ಓಮ್ ಇರುತ್ತದೆ. ಇದಕ್ಕೆ ಹೈ ಇಂಪೀಡೆನ್ಸ್ ಎನ್ನುತ್ತಾರೆ. ಎಂಜಿನ್ ಓಡುವಾಗ ಸುಮಾರು 14 ವೋಲ್ಟ್ ಬರುತ್ತದೆ. 14 ಓಮ್‌ಗೆ ಭಾಗಿಸಿದರೆ 1 ಆಂಪಿಯರ್. ನಾನು ತಂದದ್ದು ಲೋ ಇಂಪೀಡೆನ್ಸ್, ಆಮೇಲೆ ಅಳೆದಾಗ 2.4 ಓಮ್. 14 ಭಾಗಿಸು 2.4 ಅಂದರೆ 5.8 ಆಂಪಿಯರ್. ಶಾಖದ ಲೆಕ್ಕದಲ್ಲಿ 14 ವ್ಯಾಟ್ ಇದ್ದದ್ದು 82 ವ್ಯಾಟ್ ಆಯಿತು, ಅದೂ ಒಂದೊಂದಕ್ಕೆ. ಕಂಟ್ರೋಲರ್‌ನ ಟ್ರಾನ್ಸಿಸ್ಟರ್‌ಗಳು 1 ಆಂಪಿಯರ್ ಕೆಲಸಕ್ಕೆಂದು ಇದ್ದವು. ಮೊದಲ ದಿನವೇ ಸುಟ್ಟ ವಾಸನೆ ಬಂತು.

ಹಾಗಾದರೆ ಇಷ್ಟು ಕಡಿಮೆ ಓಮ್ ಯಾಕೆ ಮಾಡುತ್ತಾರೆ? ದೊಡ್ಡ ಇಂಜೆಕ್ಟರ್ ಬೇಗ ತೆರೆಯಬೇಕು. ಸುರುಳಿಯ ಸುತ್ತು ಕಡಿಮೆಯಿದ್ದರೆ ಕರೆಂಟ್ ಬೇಗ ಏರುತ್ತದೆ. ಸೂಜಿಯನ್ನು ಎಳೆಯಲು 4 ಆಂಪಿಯರ್ ಬೇಕು ಅಂದುಕೊಳ್ಳಿ, ಎಳೆದ ಮೇಲೆ ಹಿಡಿದುಕೊಳ್ಳಲು 1 ಆಂಪಿಯರ್ ಸಾಕು. ಅಂಗಡಿಯ ಶಟರ್ ಎತ್ತುವಾಗ ಬಲ ಬೇಕು, ಎತ್ತಿದ ಮೇಲೆ ಒಂದು ಕೈ ಸಾಕು, ಹಾಗೆ. ಮೆಗಾಸ್ಕ್ವರ್ಟ್‌ನಂಥ ಕೆಲವು ಕಂಟ್ರೋಲರ್‌ಗಳು ಇದನ್ನೇ ಮಾಡುತ್ತವೆ: ಮೊದಲ ಒಂದು ಮಿಲಿಸೆಕೆಂಡ್ ಪೂರ್ತಿ ಕರೆಂಟ್, ನಂತರ ಅತಿ ವೇಗವಾಗಿ ಆನ್ ಆಫ್ ಮಾಡುತ್ತಾ ಸರಾಸರಿ ಕರೆಂಟನ್ನು ಇಳಿಸುವುದು. ಅಲ್ಲಿ ಟ್ಯೂನ್ ಮಾಡುವವರು ಬಿಸಿಯಾದ ಎಂಜಿನ್ ಐಡಲ್‌ನಲ್ಲಿರುವಾಗ ಹಿಡಿತದ ಶೇಕಡಾವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಎಂಜಿನ್ ಮುಗ್ಗರಿಸಿದರೆ ಸೂಜಿ ಕೈತಪ್ಪಿ ಮುಚ್ಚಿಕೊಳ್ಳುತ್ತಿದೆ ಎಂದರ್ಥ, ಆಗ ತುಸು ಮೇಲೆ ನಿಲ್ಲಿಸುತ್ತಾರೆ. ತೀರಾ ಮೇಲೆ ಬಿಟ್ಟರೆ ಸುರುಳಿ ಬಿಸಿಯಾಗುತ್ತದೆ.

ನಮ್ಮದರಲ್ಲಿ ಆ ಸೌಲಭ್ಯ ಇರಲಿಲ್ಲ. ಉಳಿದ ದಾರಿ ರೆಸಿಸ್ಟರ್. ಹಳೆಯ ಹೋಂಡಾ ಕಾರುಗಳಲ್ಲಿ ಕಂಪನಿಯೇ ಇದಕ್ಕಾಗಿ ಒಂದು ರೆಸಿಸ್ಟರ್ ಪೆಟ್ಟಿಗೆ ಇಡುತ್ತಿತ್ತು. ಸೆಕೆಂಡ್ ಹ್ಯಾಂಡ್ ಮಾರುವವರು ಇಂಜೆಕ್ಟರ್ ಕೊಡುತ್ತಾರೆ, ಪೆಟ್ಟಿಗೆ ಹಳೆಯ ಕಾರಿನಲ್ಲೇ ಉಳಿದಿರುತ್ತದೆ. ಎಸ್.ಪಿ. ರಸ್ತೆಯಿಂದ 6.8 ಓಮ್‌ನ ನಾಲ್ಕು ರೆಸಿಸ್ಟರ್ ತಂದು ಪ್ರತಿ ಇಂಜೆಕ್ಟರ್‌ಗೆ ಒಂದರಂತೆ ಸಾಲಿನಲ್ಲಿ ಜೋಡಿಸಿದೆವು. ಒಟ್ಟು 9.2 ಓಮ್, ಕರೆಂಟ್ 1.5 ಆಂಪಿಯರ್. ಹೊಸ ಬೋರ್ಡಿಗೆ ಅಷ್ಟು ತಡೆಯುವ ಶಕ್ತಿ ಇದೆ ಎಂದು ಈ ಸಲ ಮೊದಲೇ ಓದಿಕೊಂಡಿದ್ದೆವು. ರೆಸಿಸ್ಟರ್ ಮೇಲೆ ಹೆಚ್ಚೆಂದರೆ 16 ವ್ಯಾಟ್ ಬೀಳುತ್ತದೆ, ಆದ್ದರಿಂದ ಅಲ್ಯೂಮಿನಿಯಂ ಕವಚದ 50 ವ್ಯಾಟ್‌ನದು ತೆಗೆದುಕೊಂಡು ಲೋಹದ ಪಟ್ಟಿಗೆ ಬಿಗಿದೆವು. ಮುಟ್ಟಿದರೆ ಈಗಲೂ ಬಿಸಿ ತಾಗುತ್ತದೆ.

ಬೋರ್ಡು ಸುಡಲಿಲ್ಲ, ಆದರೆ ಎಂಜಿನ್ ಐಡಲ್‌ನಲ್ಲಿ ನಿಲ್ಲಲಿಲ್ಲ. ಟ್ಯೂನಿಂಗ್ ಎಂದರೇನು ಎಂದು ನನಗೆ ಗೊತ್ತಾದದ್ದು ಇಲ್ಲಿ. ಕರೆಂಟ್ ಕೊಟ್ಟ ಕ್ಷಣವೇ ಇಂಜೆಕ್ಟರ್ ತೆರೆಯುವುದಿಲ್ಲ. ಸೂಜಿ ಏಳುವವರೆಗೆ ಸುಮಾರು ಒಂದು ಮಿಲಿಸೆಕೆಂಡ್ ಹೋಗುತ್ತದೆ, ಆ ಸಮಯದಲ್ಲಿ ಪೆಟ್ರೋಲ್ ಬರುವುದಿಲ್ಲ. ಇದಕ್ಕೆ ಡೆಡ್ ಟೈಮ್ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಇದು ಸ್ಥಿರ ವೆಚ್ಚ, ಅಂಗಡಿ ಬಾಡಿಗೆಯ ಹಾಗೆ. ವ್ಯಾಪಾರ ದೊಡ್ಡದಿದ್ದರೆ ಬಾಡಿಗೆ ಲೆಕ್ಕಕ್ಕೇ ಬರುವುದಿಲ್ಲ, ಸಣ್ಣದಿದ್ದರೆ ಅದೇ ಮುಳುಗಿಸುತ್ತದೆ. ಜೋರಾಗಿ ಓಡುವಾಗ ಪೆಟ್ರೋಲ್ ಬೀಳುವ ಸಮಯ 10 ಮಿಲಿಸೆಕೆಂಡ್ ಎಂದಿಟ್ಟುಕೊಂಡರೆ ಡೆಡ್ ಟೈಮ್‌ನಲ್ಲಿ 0.2 ತಪ್ಪಿದರೂ ಶೇಕಡಾ 2 ಮಾತ್ರ. ಐಡಲ್‌ನಲ್ಲಿ ಆ ಸಮಯ 1 ಮಿಲಿಸೆಕೆಂಡ್, ಅದೇ 0.2 ಶೇಕಡಾ 20 ಆಗುತ್ತದೆ. ರೆಸಿಸ್ಟರ್ ಹಾಕಿದ್ದರಿಂದ ನಮ್ಮ ಇಂಜೆಕ್ಟರ್ ಇನ್ನೂ ನಿಧಾನವಾಗಿತ್ತು, ಕಂಟ್ರೋಲರ್‌ನಲ್ಲಿ ಹಳೆಯ ಅಂಕಿಯೇ ಕೂತಿತ್ತು.

ವೋಲ್ಟೇಜ್ ಇಳಿದರೂ ಡೆಡ್ ಟೈಮ್ ಹೆಚ್ಚುತ್ತದೆ. ಇದನ್ನು ಹಿಡಿಯುವ ಉಪಾಯ ಮಾಮೂ ಅವರದು, ನನಗೆ ಬಹಳ ಇಷ್ಟವಾಯಿತು. ಎಂಜಿನ್ ಬಿಸಿ ಮಾಡಿ ಐಡಲ್‌ನಲ್ಲಿ ಬಿಟ್ಟು, ಹೆಡ್‌ಲೈಟ್, ಫ್ಯಾನ್, ಹಿಂಬದಿ ಗಾಜಿನ ಹೀಟರ್ ಎಲ್ಲ ಒಮ್ಮೆಲೇ ಹಾಕಿದರು. ವೋಲ್ಟೇಜ್ ಇಳಿಯಿತು. ಮಿಶ್ರಣ ತೋರಿಸುವ ಮೀಟರ್ ಲೀನ್ ಕಡೆಗೆ, ಅಂದರೆ ಪೆಟ್ರೋಲ್ ಕಡಿಮೆ ಎಂಬ ಕಡೆಗೆ ಹೋಯಿತು. ಕಡಿಮೆ ವೋಲ್ಟ್‌ನ ಅಂಕಿ ಸ್ವಲ್ಪ ಏರಿಸು ಎಂದರು, ಲ್ಯಾಪ್‌ಟಾಪ್‌ನಲ್ಲಿ ಏರಿಸಿದೆ, ಮತ್ತೆ ಲೈಟ್ ಹಾಕಿದರು. ಮಗ್ರಿಬ್‌ವರೆಗೆ ಹೀಗೇ ನಡೆಯಿತು. ಕೊನೆಗೆ ಲೈಟ್ ಹಾಕಿದರೂ ಮೀಟರ್ ಅಲುಗಲಿಲ್ಲ. ನಮ್ಮ ಎಸ್ಟೀಮ್‌ಗೆ ಸಿಕ್ಕ ಅಂಕಿ 14 ವೋಲ್ಟ್‌ಗೆ 1.1 ಮಿಲಿಸೆಕೆಂಡ್, 12 ವೋಲ್ಟ್‌ಗೆ 1.4.

ಗಿರಾಕಿಯಿಂದ ಮಾಮೂ ಆ 14,000 ಕೇಳಲಿಲ್ಲ. ಸೆಟ್ಟಿಂಗ್ ಅಂಕಿಗಳನ್ನು ಲೆಕ್ಕದ ಪುಸ್ತಕದಲ್ಲಿ ಆ ಸಾಲಿನ ಪಕ್ಕದಲ್ಲೇ ಪೆನ್ಸಿಲ್‌ನಿಂದ ಬರೆದಿಟ್ಟಿದ್ದೇನೆ, ಟರ್ಬೊ ಹಾಕಿಸಲು ಅವರು ಮತ್ತೆ ಬಂದಾಗ ಬೇಕಾಗುತ್ತದೆ.