ನ್ಯೂಟನ್ನು ಸಾಕುವ ಮುನ್ನ

ಹಾವುರಾಣಿಯಂತೆ ನೀಳವಾದ ಮೈ, ಕಪ್ಪೆಯಂತೆ ಪೊರೆಯಿಲ್ಲದ ಒದ್ದೆ ಚರ್ಮ, ಮೀನಿನಂತೆ ನೀರನ್ನು ಸೀಳುವ ಚಪ್ಪಟೆ ಬಾಲ, ಇವು ಮೂರೂ ಒಂದೇ ಪ್ರಾಣಿಯಲ್ಲಿ ಕೂಡಿದರೆ ಅದೇ ನ್ಯೂಟ್. ನಮ್ಮ ಕೆರೆ ಹೊಳೆಗಳಲ್ಲಿ ಇದನ್ನು ಕಾಣಲಾರೆವು. ಪಶ್ಚಿಮ ಘಟ್ಟಗಳಲ್ಲಿ ಉಭಯಚರಗಳ ಜಾತಿಗಳು ೨೦೦ಕ್ಕೂ ಮಿಕ್ಕು ಇವೆ. ಕಪ್ಪೆಗಳುಂಟು, ಎರೆಹುಳುವಿನಂತೆ ತೋರುವ ಕಾಲಿಲ್ಲದ ಜೀವಿಗಳೂ ಉಂಟು. ಆದರೆ ಬೆಳೆದ ಮೇಲೂ ಬಾಲವನ್ನು ಉಳಿಸಿಕೊಳ್ಳುವ ಉಭಯಚರ ಅಲ್ಲಿ ಒಂದೂ ಇಲ್ಲ.

ಹೀಗಿದ್ದರೂ ಬೆಳ್ಳಂದೂರಿನಂಥ ಬಡಾವಣೆಗಳ ಬಹುಮಹಡಿ ಮನೆಗಳಲ್ಲಿ ಮೀನು ಸಾಕುವ ಹವ್ಯಾಸಿಗಳಿಗೆ ಈ ಬಳಗದ ಮೇಲೆ ಆಸೆ ಹುಟ್ಟುವುದು ಸಹಜ. ನ್ಯೂಟಿನ ಬಂಧುವಾದ ಆಕ್ಸೊಲಾಟಲ್ ನಮ್ಮ ಅಲಂಕಾರ ಮೀನಿನ ವ್ಯಾಪಾರದಲ್ಲಿ ಈಗಾಗಲೇ ಕಾಣಿಸಿಕೊಂಡಿದೆ. ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಬೆಲೆಯದಲ್ಲ. ಈ ಪ್ರಾಣಿ ಹುಟ್ಟಿದುದು ತೊಟ್ಟಿಯಲ್ಲೋ, ಕಾಡಿನಲ್ಲೋ ಎಂಬುದು.

ಭಾರತದ ನ್ಯೂಟುಗಳ ತವರು ಡಾರ್ಜಿಲಿಂಗ್ ಮತ್ತು ಈಶಾನ್ಯದ ಬೆಟ್ಟಗಳು. ಅವುಗಳಿಗೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಹಿಡಿದು ತಂದು ಸಾಕುವುದು ಅಪರಾಧ. ಆದುದರಿಂದ ‘ನಮ್ಮ ದೇಶದ್ದೇ’ ಎಂದು ಯಾರಾದರೂ ಹಿಮಾಲಯದ ನ್ಯೂಟನ್ನು ಮಾರಲು ಬಂದರೆ, ಅಲ್ಲಿಗೇ ಮಾತು ಮುಗಿಸತಕ್ಕದ್ದು.

ಆಕ್ಸೊಲಾಟಲಿನ ಚರಿತ್ರೆ ಬೇರೆ. ೧೮೬೪ರಲ್ಲಿ ಮೆಕ್ಸಿಕೋದಿಂದ ಪ್ಯಾರಿಸ್ಸಿಗೆ ೩೪ ಪ್ರಾಣಿಗಳನ್ನು ತಂದರು. ಇಂದು ಲೋಕದ ಪ್ರಯೋಗಶಾಲೆಗಳಲ್ಲಿರುವ ಆಕ್ಸೊಲಾಟಲುಗಳಲ್ಲಿ ಬಹುಪಾಲು ಆ ಗುಂಪಿನ ಕೆಲವೇ ಪ್ರಾಣಿಗಳ ಸಂತತಿ. ತೊಟ್ಟಿಯಲ್ಲಿ ಅದರ ವಂಶ ಹೀಗೆ ಬೆಳೆದಿದ್ದರೂ, ತವರಾದ ಸೊಚಿಮಿಲ್ಕೊ ಕಾಲುವೆಗಳಲ್ಲಿ ಅದು ಅಳಿವಿನ ಅಂಚಿಗೆ ಬಂದಿದೆ. ಸ್ಪೇನಿನ ಪಕ್ಕೆಲುಬಿನ ನ್ಯೂಟನ್ನೂ ಪ್ರಯೋಗಶಾಲೆಗಳಲ್ಲಿ ತಲೆಮಾರುಗಳಿಂದ ಬೆಳೆಸುತ್ತ ಬಂದಿದ್ದಾರೆ. ಶತ್ರು ಹಿಡಿದಾಗ ಪಕ್ಕೆಲುಬುಗಳ ತುದಿಯನ್ನು ತನ್ನ ಚರ್ಮದ ಮೂಲಕವೇ ಹೊರಚಾಚುವ ವಿಚಿತ್ರ ಜೀವಿ ಅದು. ಚೀನದ ಕೆಂಪುಹೊಟ್ಟೆಯ ಪುಟ್ಟ ನ್ಯೂಟಿನ ವಿಷಯ ಹಾಗಲ್ಲ. ಪೇಟೆಗೆ ಬಂದುದರಲ್ಲಿ ಬಹುಭಾಗ ಕಾಡಿನಿಂದ ಹಿಡಿದದ್ದು.

ಕಾಡಿನ ಪ್ರಾಣಿಯ ಜೊತೆಗೆ ಕಾಡಿನ ರೋಗವೂ ಬರುತ್ತದೆ. ನೆದರ್ಲೆಂಡಿನ ಫೈರ್ ಸಾಲಮ್ಯಾಂಡರುಗಳ ಸಂತತಿಯನ್ನು ನಾಶಮಾಡುತ್ತಿದ್ದ, ಚರ್ಮವನ್ನು ತಿನ್ನುವ ಒಂದು ಬೂಷ್ಟನ್ನು ವಿಜ್ಞಾನಿಗಳು ೨೦೧೩ರಲ್ಲಿ ಗುರುತಿಸಿದರು. ಏಷ್ಯಾ ಮೂಲದ ಇದು ಸಾಕುಪ್ರಾಣಿಗಳ ವ್ಯಾಪಾರದ ಮೂಲಕ ಯೂರೋಪಿಗೆ ಸೇರಿತೆಂದು ಅವರ ಅಭಿಪ್ರಾಯ. ಇದಕ್ಕೆ ಹೆದರಿ ಅಮೆರಿಕವು ೨೦೧೬ರಲ್ಲಿ ೨೦೧ ಜಾತಿಗಳ ಆಮದನ್ನು ತಡೆಯಿತು.

ತೊಟ್ಟಿಯಲ್ಲಿ ಹುಟ್ಟಿದುದನ್ನು ಗುರುತಿಸುವುದು ಹೇಗೆ? ಮೊಟ್ಟೆಯೊಡೆದ ದಿನ ಯಾವುದು, ತಾಯಿತಂದೆ ಎಲ್ಲಿವೆ ಎಂದು ಕೇಳಿ. ಬೆಳೆಸಿದವನು ಇವನ್ನು ತಡವರಿಸದೆ ಹೇಳಬಲ್ಲ, ಮರಿಗಳ ಅಣ್ಣತಮ್ಮಂದಿರನ್ನೂ ತೋರಿಸಬಲ್ಲ. ಒಂದೇ ಸಲಕ್ಕೆ ಬಂದಿಳಿದ ಹತ್ತಾರು ಬೆಳೆದ ಪ್ರಾಣಿಗಳು, ಸೊಂಟದ ಮೂಳೆ ಕಾಣುವಷ್ಟು ಬಡಕಲಾಗಿ ಅಗ್ಗಕ್ಕೆ ಬಿಕರಿಯಾಗುತ್ತಿದ್ದರೆ ಸಂಶಯಪಡಿ. ಆಯ್ದ ಪ್ರಾಣಿ ನಿಮ್ಮ ಕಣ್ಣೆದುರೇ ತಿನ್ನಬೇಕು. ಚರ್ಮದಲ್ಲಿ ಹುಣ್ಣಾಗಲಿ ಬಿಳಿಯ ಬೂಷ್ಟಾಗಲಿ ಇರಕೂಡದು. ಅನೇಕ ನ್ಯೂಟುಗಳ ಚರ್ಮದಲ್ಲಿ ವಿಷವುಂಟು. ಮುಟ್ಟಿದ ಕೈಯನ್ನು ಚೆನ್ನಾಗಿ ತೊಳೆಯತಕ್ಕದ್ದು.

ಇನ್ನು ಬೆಳ್ಳಂದೂರಿನ ಹವೆ, ನೀರು. ಆಕ್ಸೊಲಾಟಲಿಗೆ ಹಿತವಾದುದು ೧೬ರಿಂದ ೧೮ ಡಿಗ್ರಿ ಸೆಲ್ಸಿಯಸ್ಸಿನ ತಂಪು. ೨೪ನ್ನು ದಾಟಿದರೆ ಅದು ಬಳಲುತ್ತದೆ. ಬೆಂಗಳೂರಿನಲ್ಲಿ ೨೦೧೬ರ ಏಪ್ರಿಲಿನಲ್ಲಿ ಉಷ್ಣತೆ ೩೯.೨ ಡಿಗ್ರಿಗೆ ಏರಿತ್ತು! ನೀರಿನ ಮೇಲೆ ಪಂಖದ ಗಾಳಿ ಬೀಸಿದರೆ, ಮಣ್ಣಿನ ಹೂಜಿ ತಣಿಯುವ ನ್ಯಾಯದಿಂದಲೇ ತೊಟ್ಟಿಯೂ ಕೊಂಚ ತಣಿಯುವುದು. ಆದರೆ ಬೇಸಗೆಗೆ ಅಷ್ಟು ಸಾಲದು, ತಂಪುಗೊಳಿಸುವ ಯಂತ್ರವೇ ಬೇಕಾಗುವುದು. ಪಕ್ಕೆಲುಬಿನ ನ್ಯೂಟ್ ಸೆಕೆಯನ್ನು ತುಸು ಹೆಚ್ಚಾಗಿ ತಾಳಬಲ್ಲುದು, ಅಷ್ಟೆ. ಕೊಳವೆಬಾವಿಯ ನೀರು, ಟ್ಯಾಂಕರಿನ ನೀರು ದಿನದಿನಕ್ಕೆ ಬದಲಾಗುವುದರಿಂದ, ಕ್ಲೋರಿನ್ನನ್ನೂ ಗಡಸುತನವನ್ನೂ ಪರೀಕ್ಷಿಸಿ ಬಳಸಬೇಕು.

ಕಾನೂನಿನ ಮಾತೂ ಉಂಟು. ಆಕ್ಸೊಲಾಟಲ್ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿ. ಅಂಥವನ್ನು ಇಟ್ಟುಕೊಂಡವರು ೨೦೨೪ರ ನಿಯಮಗಳಂತೆ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಿ, ಮರಿ ಹುಟ್ಟಿದರೂ ಸತ್ತರೂ ಕೈ ಬದಲಾದರೂ ತಿಳಿಸಬೇಕು. ನೋಂದಣಿಯ ಪತ್ರವಿಲ್ಲದ ಮಾರಾಟಗಾರನನ್ನು ಬಿಟ್ಟುಬಿಡುವುದು ಮೇಲು.

ಸಾಕಲಾಗದೆ ಹೋದರೆ ಪಕ್ಕದ ಕೆರೆಗೆ ಬಿಟ್ಟರಾಯಿತೆಂಬ ಯೋಚನೆ ಬೇಡ. ೨೦೧೫ರಲ್ಲೂ ೨೦೧೭ರಲ್ಲೂ ನೊರೆಗೂ ಬೆಂಕಿಗೂ ಹೆಸರಾದ ಬೆಳ್ಳಂದೂರು ಕೆರೆಯಲ್ಲಿ ಆ ಪ್ರಾಣಿ ಬದುಕಲಾರದು. ಅದರ ರೋಗಾಣುವಾದರೋ ನಮ್ಮ ಕಪ್ಪೆಗಳನ್ನು ತಲುಪಬಹುದು.

ಆದುದರಿಂದ ಆಸಕ್ತರಿಗೆ ಒಂದು ಸೂಚನೆ. ತೊಟ್ಟಿಯನ್ನು ಮೊದಲು ಸಜ್ಜುಗೊಳಿಸಿ, ಪ್ರಾಣಿಯಿಲ್ಲದೆಯೇ ಮಾರ್ಚಿಯಿಂದ ಮೇ ತಿಂಗಳವರೆಗೆ ದಿನವೂ ಮಧ್ಯಾಹ್ನ ಉಷ್ಣಮಾಪಕವನ್ನಿಟ್ಟು ಬರೆದಿಡಿ. ನೀರು ಆ ಮೂರು ತಿಂಗಳೂ ತಂಪಾಗಿ ನಿಂತರೆ ಆಗ ಕೊಳ್ಳಬಹುದು. ನಿಲ್ಲದಿದ್ದರೆ, ಮಳೆಗಾಲದ ರಾತ್ರಿ ಹೊರಗೆ ವಟಗುಟ್ಟುವ ನಮ್ಮ ಕಪ್ಪೆಗಳೇ ಸಾಕು. ಅವುಗಳನ್ನು ಅವುಗಳ ನೀರಿನಲ್ಲೇ ನೋಡಿ ಕಲಿಯಬೇಕಾದುದು ಇನ್ನೂ ಬಹಳವಿದೆ.